ಮಕ್ಕಳ ವಾರ್ಡಿಗೆ ಕೊಟ್ಟ ಹಣ ಎಷ್ಟು ಜೀವ ಉಳಿಸುತ್ತದೆ?

ಪ್ರಶ್ನೆ: ನಾವು ನೈರೋಬಿಯಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬದವರು. ಕೀನ್ಯಾದ ಒಂದು ಕೌಂಟಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ವರ್ಷಕ್ಕೆ ಸುಮಾರು 20,000 ಡಾಲರಿನಂತೆ ಮೂರು ವರ್ಷ ಸಹಾಯ ಮಾಡಬೇಕೆಂದಿದ್ದೇವೆ. ‘ಆಸ್ಪತ್ರೆಗೆ ಎಷ್ಟು ಸುರಿದರೂ ಸಾಲದು, ಅದೇ ದುಡ್ಡು ಲಸಿಕೆಗೋ ಸೊಳ್ಳೆಪರದೆಗೋ ಹೋಗಲಿ’ ಎಂದು ನಮ್ಮಲ್ಲೇ ಕೆಲವರು ಹೇಳುತ್ತಿದ್ದಾರೆ. ಆಸ್ಪತ್ರೆಯವರು ಕೇಳಿರುವುದು ಒಂದು ವೆಂಟಿಲೇಟರ್. ಖರ್ಚಿಗೆ ತಕ್ಕ ಫಲ ಸಿಗುತ್ತದೆಯೇ? ಅದನ್ನು ಅಳೆಯುವುದು ಹೇಗೆ? ಏನು ಕೊಟ್ಟರೆ ಒಳ್ಳೆಯದು?

ಉತ್ತರ: ವೆಂಟಿಲೇಟರ್ ಬೇಡ. ಉಳಿದ ವಿಚಾರಕ್ಕೆ ಬಂದರೆ, ಫಲ ಖಂಡಿತ ಇದೆ. ಆದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಅದು ಹತ್ತು ಪಟ್ಟು ಹೆಚ್ಚೂ ಆಗಬಹುದು, ಹತ್ತು ಪಟ್ಟು ಕಡಿಮೆಯೂ ಆಗಬಹುದು. ಮಗು ಗೇಟು ದಾಟಿ ಬಂದ ಮೊದಲ ಕೆಲವು ಗಂಟೆಗಳಲ್ಲಿ ಏನು ನಡೆಯುತ್ತದೆಯೋ ಅದನ್ನು ಸರಿಪಡಿಸುವ ಖರ್ಚು ಅಗ್ಗ. ಕಟ್ಟಡ, ದೊಡ್ಡ ಯಂತ್ರ, ಉದ್ಘಾಟನೆಯ ಫಲಕ ಇವೆಲ್ಲ ದುಬಾರಿ.

ಮೊದಲು ಅಳತೆಯ ವಿಚಾರ. ಆರೋಗ್ಯ ಅರ್ಥಶಾಸ್ತ್ರದವರು ‘ಡ್ಯಾಲಿ’ ಎಂಬ ಏಕಮಾನ ಬಳಸುತ್ತಾರೆ. ಸಾವಿನಿಂದಲೋ ಅಂಗವೈಕಲ್ಯದಿಂದಲೋ ಕೈತಪ್ಪಿದ ಒಂದು ಆರೋಗ್ಯವಂತ ವರ್ಷವೇ ಒಂದು ಡ್ಯಾಲಿ. ಪಪುವಾ ನ್ಯೂಗಿನಿಯ ಐದು ಆಸ್ಪತ್ರೆಗಳಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಮತ್ತು ಪಲ್ಸ್ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಮಟ್ಟ ಅಳೆಯುವ ಉಪಕರಣ) ಅಳವಡಿಸಿದ ಕೆಲಸದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ ನ್ಯುಮೋನಿಯಾದಿಂದ ದಾಖಲಾದ 7,161 ಮಕ್ಕಳಲ್ಲಿ 356 ಮಂದಿ, ಅಂದರೆ ಸುಮಾರು ಶೇ. 5, ತೀರಿಕೊಂಡಿದ್ದರು. ಅಳವಡಿಸಿದ ಮೇಲೆ 4,130ರಲ್ಲಿ 133, ಅಂದರೆ ಶೇ. 3.2. ಪ್ರತಿ ರೋಗಿಗೆ ತಗಲಿದ್ದು 51 ಡಾಲರ್, ಉಳಿಸಿದ ಒಂದು ಜೀವಕ್ಕೆ 1,673 ಡಾಲರ್, ತಪ್ಪಿಸಿದ ಒಂದು ಡ್ಯಾಲಿಗೆ 50 ಡಾಲರ್. 1,673ನ್ನು 50ರಿಂದ ಭಾಗಿಸಿ ನೋಡಿ, 33 ಬರುತ್ತದೆ. ಒಂದು ಮಗು ಉಳಿದರೆ ಅರವತ್ತು ಚಿಲ್ಲರೆ ವರ್ಷ ಬದುಕುತ್ತದೆಂದು ಹಿಡಿದು, ಮುಂದಿನ ವರ್ಷಗಳ ಬೆಲೆಯನ್ನು ವರ್ಷಕ್ಕೆ ಶೇ. 3ರಂತೆ ಇಳಿಸುತ್ತ ಹೋದರೆ ಕೊನೆಗೆ ಮೂವತ್ತರ ಆಸುಪಾಸಿನ ಸಂಖ್ಯೆ ಉಳಿಯುತ್ತದೆ. ಹಾಗಾಗಿ ನಿಮ್ಮ ಅಂದಾಜಿಗೆ ‘ಒಂದು ಜೀವಕ್ಕೆ 30 ಡ್ಯಾಲಿ’ ಎಂದು ಹಿಡಿದರೆ ಸಾಕು, ತಂತ್ರಾಂಶವೇನೂ ಬೇಕಿಲ್ಲ. ಒಂದು ಎಚ್ಚರಿಕೆ: ಪಪುವಾ ನ್ಯೂಗಿನಿಯದು ಮುಂಚೆ–ಆಮೇಲೆ ಎಂಬ ಹೋಲಿಕೆ. ನಡುವೆ ಬೇರೇನೂ ಬದಲಾಗಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾಗದು.

ನಿಮಗೆ ಹೆಚ್ಚು ಹತ್ತಿರದ್ದು ಕೀನ್ಯಾದ್ದೇ ಅಧ್ಯಯನ. ಎಂಟು ಜಿಲ್ಲಾ ಆಸ್ಪತ್ರೆಗಳನ್ನು ತೆಗೆದುಕೊಂಡು ನಾಲ್ಕಕ್ಕೆ ಪೂರ್ಣ ಬೆಂಬಲ ಕೊಟ್ಟು, ನಾಲ್ಕಕ್ಕೆ ಅಲ್ಪಸ್ವಲ್ಪ ಕೊಟ್ಟು 18 ತಿಂಗಳು ನೋಡಿದರು. ಪೂರ್ಣ ಬೆಂಬಲವೆಂದರೆ ಐದೂವರೆ ದಿನದ ತುರ್ತು ಚಿಕಿತ್ಸಾ ತರಬೇತಿ, ಕಿಸೆಗೆ ಹಿಡಿಯುವ ಚಿಕಿತ್ಸಾ ಮಾರ್ಗಸೂಚಿ, ಮಗುವನ್ನು ದಾಖಲಿಸುವಾಗ ತುಂಬುವ ಸಿದ್ಧ ನಮೂನೆ, ಆಸ್ಪತ್ರೆಯೊಳಗೇ ಒಬ್ಬ ಸಂಚಾಲಕ, ಹೊರಗಿನಿಂದ ಆಗಾಗ ಬರುವ ಮೇಲ್ವಿಚಾರಕರು, ಆರು ತಿಂಗಳಿಗೊಮ್ಮೆ ಸಮೀಕ್ಷೆ ಮಾಡಿ ‘ನಿಮ್ಮಲ್ಲಿ ಇಷ್ಟು ತಪ್ಪು ಕಂಡಿತು’ ಎಂದು ಎದುರು ಕೂತು ಹೇಳುವುದು. ಯಂತ್ರಗಳ ಪಟ್ಟಿಯೇ ಅಲ್ಲ ಅದು, ಗಮನಿಸಿ. ಕೊನೆಯಲ್ಲಿ ಮಲೇರಿಯಾದ ಔಷಧವಾದ ಕ್ವಿನೈನ್‌ನ ಮೊದಲ ಪೂರ್ಣ ಡೋಸ್ ಸಿಕ್ಕಿದ ಮಕ್ಕಳು ಪೂರ್ಣ ಬೆಂಬಲದ ಆಸ್ಪತ್ರೆಗಳಲ್ಲಿ ಶೇ. 91.9, ಉಳಿದವುಗಳಲ್ಲಿ ಶೇ. 66.7. ತೀವ್ರ ನಿರ್ಜಲೀಕರಣಕ್ಕೆ ಸರಿಯಾದ ಪ್ರಮಾಣದ ಡ್ರಿಪ್ ಬರೆದದ್ದು ಶೇ. 67.2, ಇನ್ನೊಂದೆಡೆ ಶೇ. 40.6. ಅಪಾಯದ ಮಟ್ಟದ ಕ್ವಿನೈನ್ ಹೋದದ್ದು ಶೇ. 1, ಇನ್ನೊಂದೆಡೆ ಶೇ. 7.5.

ಇದರ ಖರ್ಚಿನ ಲೆಕ್ಕ 2012ರಲ್ಲಿ ಬಂತು. ದಾಖಲಾದ ಪ್ರತಿ ಮಗುವಿಗೆ ಪೂರ್ಣ ಬೆಂಬಲದ ಕಡೆ 50.74 ಡಾಲರ್, ಇನ್ನೊಂದೆಡೆ 31.10. ಚಿಕಿತ್ಸೆಯ ಗುಣಮಟ್ಟ ಶೇ. 1ರಷ್ಟು ಏರಲು ಪ್ರತಿ ಮಗುವಿಗೆ 79 ಸೆಂಟ್ ಹೆಚ್ಚುವರಿ. ಇಡೀ ದೇಶಕ್ಕೆ ವಿಸ್ತರಿಸಿದರೆ ವರ್ಷಕ್ಕೆ 36 ಲಕ್ಷ ಡಾಲರ್, ಅಂದರೆ ಕೀನ್ಯಾದ ಮಕ್ಕಳ ಆರೋಗ್ಯ ಬಜೆಟ್ಟಿನ ಸುಮಾರು ಶೇ. 0.6. ಆದರೆ ಒಂದು ಡ್ಯಾಲಿಗೆ ಎಷ್ಟು ಎಂದು ಕೇಳಿದರೆ ಉತ್ತರ 39.8 ಡಾಲರಿನಿಂದ 398.3 ಡಾಲರ್‌ವರೆಗೆ ಹರಡಿಕೊಂಡಿದೆ. ಯಾಕೆ ಇಷ್ಟು ಅಗಲ? ಸಾವು ಎಷ್ಟು ಇಳಿಯಿತು ಎಂಬುದನ್ನು ಆ ಅಧ್ಯಯನ ಅಳೆದಿರಲಿಲ್ಲ. ‘ಇಷ್ಟು ಇಳಿದರೆ ಹೀಗೆ, ಅಷ್ಟು ಇಳಿದರೆ ಹಾಗೆ’ ಎಂದು ಊಹೆ ಹಾಕಿ ಗುಣಿಸಿದ್ದು. ಈ ಕ್ಷೇತ್ರದಲ್ಲಿ ನೀವು ನೋಡುವ ಬಹುತೇಕ ಆಕರ್ಷಕ ಸಂಖ್ಯೆಗಳ ಹಿಂದೆ ಇಂಥದ್ದೊಂದು ಊಹೆ ಕೂತಿರುತ್ತದೆ. ಯಾರಾದರೂ ‘ಒಂದು ಜೀವಕ್ಕೆ ಬರೀ ಇಷ್ಟೇ’ ಎಂದರೆ, ಸಾವನ್ನು ಎಣಿಸಿದ್ದೀರೋ ಊಹಿಸಿದ್ದೀರೋ ಎಂದು ಮೊದಲು ಕೇಳಿ.

ಈಗ ನಿಮ್ಮ 20,000 ಡಾಲರಿಗೆ ಬರೋಣ. ವರ್ಷಕ್ಕೆ 2,500 ಮಕ್ಕಳು ದಾಖಲಾಗುವ, ನೂರಕ್ಕೆ ಆರು ಮಂದಿ ತೀರಿಕೊಳ್ಳುವ ವಾರ್ಡ್ ಎಂದುಕೊಳ್ಳಿ. ಸಾವು 150. ನಿಮ್ಮ ಹಣ ಮಗುವಿಗೆ ತಲಾ 8 ಡಾಲರ್. ಹತ್ತರಲ್ಲಿ ಒಂದು ಸಾವು ತಪ್ಪಿದರೆ 15 ಜೀವ. ಒಂದು ಜೀವಕ್ಕೆ 1,333 ಡಾಲರ್, ಒಂದು ಡ್ಯಾಲಿಗೆ 44. ಐವತ್ತರಲ್ಲಿ ಒಂದೇ ತಪ್ಪಿತು ಅಂದರೆ ಮೂರು ಜೀವ, ಡ್ಯಾಲಿಗೆ 222 ಡಾಲರ್. ಅದೇ ಹಣವನ್ನು ವರ್ಷಕ್ಕೆ 400 ಮಕ್ಕಳು ಬರುವ, ನೂರಕ್ಕೆ ಮೂವರು ತೀರಿಕೊಳ್ಳುವ ಅಚ್ಚುಕಟ್ಟಾದ ಚಿಕ್ಕ ಆಸ್ಪತ್ರೆಗೆ ಕೊಟ್ಟರೆ ಒಟ್ಟು ಸಾವೇ 12. ಹತ್ತರಲ್ಲೊಂದು ಎಂದರೂ ಒಂದೂ ಕಾಲು ಜೀವಕ್ಕೆ ಮುಟ್ಟುವುದಿಲ್ಲ, ಡ್ಯಾಲಿಗೆ 555 ಡಾಲರ್ ದಾಟುತ್ತದೆ. ತರಬೇತಿಯ ಖರ್ಚು, ಮೇಲ್ವಿಚಾರಕರ ಓಡಾಟದ ಖರ್ಚು ಮಕ್ಕಳು ಕಡಿಮೆ ಎಂದು ಕಡಿಮೆಯಾಗುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಆಯ್ಕೆಯಲ್ಲೇ ಅರ್ಧ ಫಲ ತೀರ್ಮಾನವಾಗುತ್ತದೆ: ಗದ್ದಲ ಹೆಚ್ಚಿರುವ, ಸಾವು ಹೆಚ್ಚಿರುವ, ನೋಡಲು ಅಷ್ಟು ಚೆನ್ನಾಗಿಲ್ಲದ ಸರ್ಕಾರಿ ವಾರ್ಡಿಗೆ ಹೋಗಿ.

ಒಂದು ಡ್ಯಾಲಿ ತಪ್ಪಿಸಲು ಎಷ್ಟಾದರೆ ಅಗ್ಗ ಎನ್ನಬಹುದು? ದೇಶದ ತಲಾ ಉತ್ಪನ್ನದ ಮೂರು ಪಟ್ಟಿನವರೆಗೂ ಸರಿ ಎಂಬ ಹಳೆಯ ಅಳತೆ ಬಹಳ ಸಡಿಲ. ತಲಾ ಉತ್ಪನ್ನದ ಅರ್ಧಕ್ಕಿಂತ ಕಡಿಮೆ ಇರಲಿ ಎನ್ನುವುದು ಬಡ ದೇಶಗಳ ನಿಜವಾದ ಬಜೆಟ್ಟಿಗೆ ಹತ್ತಿರ. ಕೀನ್ಯಾದ ತಲಾ ಉತ್ಪನ್ನ ಈಗ ಸುಮಾರು 2,000 ಡಾಲರ್. ಹಾಗಾಗಿ ಮೇಲಿನ ಮೂರೂ ಲೆಕ್ಕ ಪಾಸು. ಆದರೆ 44ಕ್ಕೂ 555ಕ್ಕೂ ಇರುವ ಅಂತರ ನಿಮ್ಮ ದುಡ್ಡಿನದೇ.

ಸೊಳ್ಳೆಪರದೆಯ ವಾದ ಸುಳ್ಳಲ್ಲ. ವಿಕ್ಟೋರಿಯಾ ಸರೋವರದ ಸುತ್ತಲಿನ ಕೌಂಟಿಗಳಲ್ಲಿ, ಕರಾವಳಿಯಲ್ಲಿ ಪರದೆ ಬಹಳ ಒಳ್ಳೆಯ ಹೂಡಿಕೆ. ಮಲೇರಿಯಾ ವಿರಳವಾಗಿರುವ ನೈರೋಬಿಯ ಸುತ್ತಮುತ್ತ ಅದೇ ಮಾತು ಹೇಳಲಾಗದು. ಲಸಿಕೆಯ ಖರ್ಚನ್ನು ಸರ್ಕಾರ ಮತ್ತು ಅಂತರರಾಷ್ಟ್ರೀಯ ನಿಧಿಗಳು ಹೊರುತ್ತಿವೆ, ಅಲ್ಲಿ 20,000 ಡಾಲರ್ ಸೇರಿಸಿದರೆ ಹೊಸದಾಗಿ ಏನಾಗುತ್ತದೆಂದು ತೋರಿಸುವುದು ಕಷ್ಟ. ಇನ್ನೊಂದು ವಿಷಯ ಮರೆಯಬಾರದು. ಲಸಿಕೆ ಹಾಕಿಸಿಕೊಂಡ ಮಗುವಿಗೂ ನ್ಯುಮೋನಿಯಾ ಬರುತ್ತದೆ. ನ್ಯುಮೋನಿಯಾದ ಒಂದು ಮುಖ್ಯ ರೋಗಾಣುವಿನ ವಿರುದ್ಧದ ನ್ಯುಮೋಕಾಕಲ್ ಲಸಿಕೆಯನ್ನು ಕೀನ್ಯಾ 2011ರಲ್ಲೇ ತಂದಿತು, ಆದರೂ ವಾರ್ಡುಗಳು ಖಾಲಿಯಾಗಿಲ್ಲ.

ಏನು ಕೊಡಬೇಕು ಎಂಬುದಕ್ಕೆ ಮೊದಲ ಉತ್ತರ ಪಲ್ಸ್ ಆಕ್ಸಿಮೀಟರ್ ಮತ್ತು ಆಮ್ಲಜನಕ, ಅದೇ ಕ್ರಮದಲ್ಲಿ. ನೈಜೀರಿಯಾದ 12 ಆಸ್ಪತ್ರೆಗಳಲ್ಲಿ ಹಂತಹಂತವಾಗಿ ನಡೆದ ಅಧ್ಯಯನದಲ್ಲಿ, ದಾಖಲಾಗುವ ಪ್ರತಿ ಮಗುವಿನ ಆಮ್ಲಜನಕ ಮಟ್ಟವನ್ನು ಅಳೆಯುವ ರೂಢಿ ಬಂದ ಹಂತದಲ್ಲೇ ಮಕ್ಕಳ ಸಾವು ಇಳಿದದ್ದು ಕಂಡಿತು. ಅನಂತರ ಬಂದ ಪೂರ್ತಿ ಆಮ್ಲಜನಕ ವ್ಯವಸ್ಥೆ ಅದರ ಮೇಲೆ ಎದ್ದುಕಾಣುವಷ್ಟು ಸೇರಿಸಲಿಲ್ಲ. ಕಾರಣ ಸರಳ. ತುಟಿ ನೀಲಿಯಾಗುವವರೆಗೆ ಕಾದರೆ ಆಮ್ಲಜನಕ ಕಡಿಮೆಯಿರುವ ಅನೇಕ ಮಕ್ಕಳು ಕಣ್ತಪ್ಪುತ್ತಾರೆ. ಇನ್ನೊಂದೆಡೆ, ಆಮ್ಲಜನಕದ ಅಗತ್ಯವಿಲ್ಲದ ಮಗುವಿಗೆ ಎರಡು ದಿನ ಸಿಲಿಂಡರ್ ಹಚ್ಚಿಟ್ಟು ಬೇಕಾದ ಮಗುವಿಗೆ ಇಲ್ಲದಂತೆ ಮಾಡುತ್ತಾರೆ. ಅಳತೆ ಶೇ. 90ಕ್ಕಿಂತ ಕೆಳಗಿದ್ದರೆ ಕೊಡಿ, ದಿನಕ್ಕೊಮ್ಮೆ ನಿಲ್ಲಿಸಿ ನೋಡಿ, ಮಟ್ಟ ಉಳಿದರೆ ತೆಗೆಯಿರಿ.

ಆಕ್ಸಿಮೀಟರಿನಲ್ಲಿ ಮೊದಲು ಕೆಡುವುದು ಪ್ರೋಬ್, ಅಂದರೆ ಬೆರಳಿಗೋ ಪಾದಕ್ಕೋ ಹಚ್ಚುವ ಭಾಗ. ದೊಡ್ಡವರ ಬೆರಳಿಗೆ ಕಚ್ಚಿಸುವ ಅಗ್ಗದ ಕ್ಲಿಪ್ ಹಸುಗೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲ, ಸಂಖ್ಯೆ ಕುಣಿಯುತ್ತದೆ, ನರ್ಸ್ ಅದನ್ನು ನಂಬುವುದು ಬಿಡುತ್ತಾರೆ, ಯಂತ್ರ ಕಪಾಟು ಸೇರುತ್ತದೆ. ಪಾದಕ್ಕೆ ಸುತ್ತುವ ಶಿಶುಗಳ ಪ್ರೋಬ್ ಇರುವುದನ್ನೇ ಕೊಳ್ಳಿ, ಪ್ರತಿ ಯಂತ್ರಕ್ಕೆ ಎರಡು ಹೆಚ್ಚುವರಿ ಪ್ರೋಬ್ ಅದೇ ಬಿಲ್ಲಿನಲ್ಲಿ ಸೇರಿಸಿ. ಒಂದು ಯಂತ್ರ ದಾಖಲಾತಿಯ ಮೇಜಿನ ಮೇಲೆಯೇ ಇರಲಿ, ಒಂದು ವಾರ್ಡಿನಲ್ಲಿ.

ಆಮ್ಲಜನಕದ ಲೆಕ್ಕ ಹೀಗೆ. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಐದು ಮಕ್ಕಳಿಗೆ ನಿಮಿಷಕ್ಕೆ ತಲಾ ಒಂದು ಲೀಟರ್ ಕೊಟ್ಟರೆ ದಿನಕ್ಕೆ 7,200 ಲೀಟರ್. ಅಂದರೆ ದಿನಕ್ಕೊಂದು ಸಿಲಿಂಡರ್, ಅದರ ಜೊತೆ ಲಾರಿ, ಹೊರುವವರು, ಸ್ಪ್ಯಾನರ್ ಎಲ್ಲಿ ಎಂಬ ರಾತ್ರಿಯ ಹುಡುಕಾಟ. ನಿಮಿಷಕ್ಕೆ ಐದು ಲೀಟರಿನ ಒಂದು ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ದಿನವಿಡೀ ಓಡಿದರೂ 8.4 ಯೂನಿಟ್ ವಿದ್ಯುತ್. ಹರಿವನ್ನು ಹಲವು ನಳಿಕೆಗಳಿಗೆ ಹಂಚುವ ಒಂದು ಫ್ಲೋ ಸ್ಪ್ಲಿಟರ್ ಹಾಕಿದರೆ ಅದೇ ಐದು ಮಕ್ಕಳಿಗೆ ಹಂಚಬಹುದು. ಎರಡು ತಿಂಗಳೊಳಗಿನ ಕೂಸಿಗೆ ಅರ್ಧದಿಂದ ಒಂದು ಲೀಟರ್, ಅದಕ್ಕಿಂತ ದೊಡ್ಡವಕ್ಕೆ ಒಂದರಿಂದ ಎರಡು ಲೀಟರ್ ಸಾಮಾನ್ಯವಾಗಿ ಸಾಕು.

ಕೆಡುವುದು ಎಲ್ಲಿ? ಗಾಳಿ ಒಳಗೆಳೆಯುವ ಕಡೆಯ ಸ್ಪಂಜಿನ ಫಿಲ್ಟರನ್ನು ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ ಹಾಕಬೇಕು. ತೊಳೆಯದಿದ್ದರೆ ಕಂಪ್ರೆಸರ್ ಬಿಸಿಯಾಗಿ ಸಾಯುತ್ತದೆ. ತೇವ ಒಳಹೊಕ್ಕರೆ ಸಾರಜನಕವನ್ನು ಹಿಡಿದಿಡುವ ಜಿಯೋಲೈಟ್ ಹರಳುಗಳು ಕೆಲಸ ನಿಲ್ಲಿಸುತ್ತವೆ. ಯಂತ್ರ ಗುಯ್‌ಗುಟ್ಟುತ್ತಲೇ ಇರುತ್ತದೆ, ಹರಿವು ತೋರಿಸುತ್ತಲೇ ಇರುತ್ತದೆ, ಹೊರಬರುವುದು ಮಾತ್ರ ಬರೀ ಗಾಳಿ. ಒಳ್ಳೆಯ ಯಂತ್ರ ಶೇ. 93ರ ಆಸುಪಾಸು ಶುದ್ಧತೆ ಕೊಡಬೇಕು, 82ಕ್ಕಿಂತ ಇಳಿದರೆ ಅದನ್ನು ರಿಪೇರಿಗೆ ಕಳಿಸಬೇಕು. ಆದ್ದರಿಂದ ಆಕ್ಸಿಜನ್ ಅನಲೈಸರ್ ಎಂಬ ಚಿಕ್ಕ ಉಪಕರಣ ಒಂದು ಇರಲೇಬೇಕು, ತಿಂಗಳಿಗೊಮ್ಮೆ ಎಲ್ಲ ಯಂತ್ರಗಳಿಗೂ ಹಿಡಿದು ಬರೆದಿಡಬೇಕು. ವೋಲ್ಟೇಜ್ ಸ್ಟೆಬಿಲೈಸರ್, ಕರೆಂಟ್ ಹೋದಾಗಿನ ಸಿಲಿಂಡರ್, ಮೂರು ಅಳತೆಯ ಮೂಗಿನ ನಳಿಕೆ ಇವೆಲ್ಲ ಒಂದೇ ಪಟ್ಟಿಯಲ್ಲಿರಲಿ. ಬೆಂಗಳೂರಿನಿಂದ ಯಂತ್ರ ತರಿಸುವ ಯೋಚನೆಯಿದ್ದರೆ ವೋಲ್ಟೇಜ್ ಹೊಂದುತ್ತದೆ, ಆದರೆ ಪ್ಲಗ್ ಬೇರೆ: ಕೀನ್ಯಾದ್ದು ಚಪ್ಪಟೆ ಮೂರು ಕಾಲಿನದು. ಅಡಾಪ್ಟರ್ ಸಿಕ್ಕಿಸಿ ಬಿಡಬೇಡಿ, ವೈರನ್ನೇ ಬದಲಿಸಿ. ಅಮೆರಿಕದ 110 ವೋಲ್ಟಿನ ಯಂತ್ರ ಯಾರಾದರೂ ದಾನ ಕೊಡುತ್ತೇವೆಂದರೆ ನಯವಾಗಿ ಬೇಡವೆನ್ನಿ. ಎತ್ತರದ ಊರಾದರೆ ಯಂತ್ರ ಎಷ್ಟು ಮೀಟರ್‌ವರೆಗೆ ಪೂರ್ಣ ಕೆಲಸ ಮಾಡುತ್ತದೆಂದು ಕೇಳಿ. ಎಲ್ಡೊರೆಟ್ 2,000 ಮೀಟರಿಗಿಂತ ಮೇಲಿದೆ, ಹಲವು ಮಾದರಿಗಳ ಮಿತಿ ಅಲ್ಲಿಗೇ ಮುಗಿಯುತ್ತದೆ.

ಬಡ ದೇಶಗಳ ಆಸ್ಪತ್ರೆ ಉಪಕರಣಗಳ ಪಟ್ಟಿಗಳನ್ನು ಕಲೆಹಾಕಿದ 2011ರ ಒಂದು ವಿಶ್ಲೇಷಣೆಯಲ್ಲಿ ಸುಮಾರು ಶೇ. 38 ಯಂತ್ರಗಳು ಕೆಟ್ಟು ಕೂತಿದ್ದವು. ನಿಮ್ಮ ಅಂದಾಜಿನಲ್ಲಿ ಯಂತ್ರದ ಬೆಲೆಯಷ್ಟೇ ಬರೆದಿದ್ದರೆ ನೀವು ಆ ಗುಂಪಿಗೆ ಒಂದನ್ನು ಸೇರಿಸುತ್ತಿದ್ದೀರಿ ಎಂದೇ ಅರ್ಥ.

ಎರಡನೆಯದು, ಔಷಧದ ಪ್ರಮಾಣ. ಇಲ್ಲಿ ಬೇಕಾಗುವ ಹಣ ನಗಣ್ಯ, ತಪ್ಪುಗಳು ಮಾತ್ರ ಭಯಂಕರ. ಒಂದು ಉದಾಹರಣೆ: ಜೆಂಟಮೈಸಿನ್ ಎಂಬ ಆ್ಯಂಟಿಬಯಾಟಿಕ್ ದಿನಕ್ಕೊಮ್ಮೆ ಕಿಲೋಗೆ 7.5 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 75 ಮಿಲಿಗ್ರಾಂ. ಎರಡು ಮಿಲಿಲೀಟರಿನ ಸೀಸೆಯಲ್ಲಿ 80 ಮಿಲಿಗ್ರಾಂ ಇರುವುದೂ ಬರುತ್ತದೆ, 20 ಮಿಲಿಗ್ರಾಂ ಇರುವುದೂ ಬರುತ್ತದೆ. ನೋಡಲು ಒಂದೇ ಗಾತ್ರ. ‘1.9 ಮಿಲಿಲೀಟರ್ ಕೊಡಿ’ ಎಂದು ಬರೆದು ಸೀಸೆ ಯಾವುದೆಂದು ನೋಡದಿದ್ದರೆ ಮಗುವಿಗೆ ಹೋಗುವುದು ನಾಲ್ಕನೇ ಒಂದು ಭಾಗ. ಉಲ್ಟಾ ಆದರೆ ಮೂರು ಕಿಲೋ ಹಸುಳೆಗೆ ನಾಲ್ಕು ಪಟ್ಟು ಹೋಗಿ ಮೂತ್ರಪಿಂಡಕ್ಕೂ ಕಿವಿಗೂ ಏಟು. ಇದಕ್ಕೆ ಬೇಕಾದದ್ದು ಮೂರು: ದಾಖಲಾತಿಯಲ್ಲಿ ಕೆಲಸ ಮಾಡುವ ತೂಕದ ಯಂತ್ರ, ತೂಕಕ್ಕೆ ತಕ್ಕ ಡೋಸಿನ ಗೋಡೆಪಟ್ಟಿ, ಮತ್ತು ಮಿಲಿಲೀಟರಿನಲ್ಲಲ್ಲ, ಮಿಲಿಗ್ರಾಮಿನಲ್ಲಿ ಬರೆಯುವ ಕಟ್ಟುನಿಟ್ಟು. ಜೊತೆಗೆ ರಕ್ತದ ಸಕ್ಕರೆ ನೋಡುವ ಪಟ್ಟಿಗಳು ಎಂದೂ ಮುಗಿಯದಂತೆ ನೋಡಿಕೊಳ್ಳಿ. ಮಂಪರಿನಲ್ಲಿ ಬಂದ ಮಗುವಿಗೆ ಶೇ. 10ರ ಡೆಕ್ಸ್‌ಟ್ರೋಸ್ (ಸಕ್ಕರೆಯ ದ್ರಾವಣ) ಕಿಲೋಗೆ ಐದು ಮಿಲಿಲೀಟರ್ ಕೊಡುವುದು ವಾರ್ಡಿನ ಅತಿ ಅಗ್ಗದ ಜೀವರಕ್ಷೆ. ಶೇ. 50ರದ್ದು ಮಾತ್ರ ಇದ್ದರೆ ಒಂದು ಪಾಲಿಗೆ ನಾಲ್ಕು ಪಾಲು ಇಂಜೆಕ್ಷನ್ ನೀರು ಬೆರೆಸಿದರೆ ಆಯಿತು.

ಮೂರನೆಯದು ಸರದಿಯ ವ್ಯವಸ್ಥೆ. ಮಲಾವಿಯ ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಬಂದ ಮಕ್ಕಳನ್ನು ತುರ್ತು, ಆದ್ಯತೆ, ಕಾಯಬಹುದಾದವರು ಎಂದು ಬೇರ್ಪಡಿಸಿ, ತುರ್ತಿನವರಿಗೆ ಅಲ್ಲೇ ಚಿಕಿತ್ಸೆ ಆರಂಭಿಸುವ ಏರ್ಪಾಟು ಮಾಡಿದ ಮೇಲೆ ಒಳರೋಗಿ ಮಕ್ಕಳ ಸಾವು ಶೇ. 10–18ರಿಂದ 6–8ಕ್ಕೆ ಇಳಿಯಿತು. ಉಸಿರಾಟದ ತೀವ್ರ ಕಷ್ಟ, ತಣ್ಣನೆಯ ಕೈಕಾಲು, ಪ್ರಜ್ಞೆ ಇಲ್ಲದಿರುವುದು, ಫಿಟ್ಸ್, ಭೇದಿಯೊಂದಿಗೆ ಗುಳಿಬಿದ್ದ ಕಣ್ಣು. ಇವನ್ನು ಗುರುತಿಸಲು ವೈದ್ಯರೇ ಬೇಕಿಲ್ಲ, ಚೀಟಿ ಬರೆಯುವ ಗುಮಾಸ್ತರಿಗೂ ಗೇಟಿನ ಕಾವಲುಗಾರರಿಗೂ ಕಲಿಸಬಹುದು.

ವೆಂಟಿಲೇಟರ್ ಯಾಕೆ ಬೇಡ ಎಂಬುದಕ್ಕೆ ಬಬಲ್ ಸಿಪ್ಯಾಪ್‌ನ ಕಥೆ ಸಾಕು. ಮೂಗಿನ ನಳಿಕೆಯ ಮೂಲಕ ಒತ್ತಡದ ಗಾಳಿ ಕೊಡುವ, ವೆಂಟಿಲೇಟರಿಗಿಂತ ಎಷ್ಟೋ ಸರಳವಾದ ಸಾಧನ ಅದು. ಢಾಕಾದ ಒಂದು ಪರಿಣತ ಆಸ್ಪತ್ರೆಯಲ್ಲಿ, ವೈದ್ಯರ ನಿಗಾದಲ್ಲಿ, ಅದು ತೀವ್ರ ನ್ಯುಮೋನಿಯಾದ ಸಾವನ್ನು ಶೇ. 15ರಿಂದ 4ಕ್ಕೆ ಇಳಿಸಿತು ಎಂದು 2015ರಲ್ಲಿ ವರದಿಯಾಯಿತು. ಮಲಾವಿಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ, ದಿನನಿತ್ಯದ ವೈದ್ಯರ ಮೇಲ್ವಿಚಾರಣೆ ಇಲ್ಲದೆ ಪ್ರಯತ್ನಿಸಿದಾಗ ಸಿಪ್ಯಾಪ್ ಪಡೆದವರಲ್ಲಿ ಶೇ. 17, ಸಾಧಾರಣ ಆಮ್ಲಜನಕ ಪಡೆದವರಲ್ಲಿ ಶೇ. 11 ಮಕ್ಕಳು ತೀರಿಕೊಂಡರು. ಯಂತ್ರ ಅದೇ ಬಗೆಯದು, ಸುತ್ತಲಿನ ಕೈಗಳು ಬೇರೆ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆಗೆ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು 2011ರಲ್ಲಿ. ಉಗಾಂಡ, ಕೀನ್ಯಾ, ತಾಂಜಾನಿಯದ 3,141 ಮಕ್ಕಳ ಪರೀಕ್ಷೆಯಲ್ಲಿ, ಜ್ವರದೊಂದಿಗೆ ರಕ್ತಸಂಚಾರ ಕುಂದಿದ ಮಕ್ಕಳಿಗೆ ಒಮ್ಮೆಲೇ ಡ್ರಿಪ್ ಓಡಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಸುಮಾರು ಶೇ. 10.5 ಸಾವು, ಓಡಿಸದ ಗುಂಪಿನಲ್ಲಿ 7.3. ಭೇದಿಯ ಮಕ್ಕಳು ಆ ಪರೀಕ್ಷೆಯಲ್ಲಿರಲಿಲ್ಲ, ಅವರಿಗೆ ಡ್ರಿಪ್ ಬೇಕೇ ಬೇಕು.

ನವಜಾತ ಶಿಶುಗಳ ಕೋಣೆಯೂ ನಿಮ್ಮ ವ್ಯಾಪ್ತಿಯಲ್ಲಿದ್ದರೆ ಕಾಂಗರೂ ಆರೈಕೆಗೆ ಜಾಗ ಮಾಡಿಕೊಡಿ: ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಹಚ್ಚಿಟ್ಟುಕೊಳ್ಳುವುದು. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ 28 ದಿನದೊಳಗಿನ ಸಾವು ಶೇ. 15.7ರಿಂದ 12ಕ್ಕೆ ಇಳಿಯಿತು. ಬೇಕಾದದ್ದು ಒರಗುವ ಮಂಚ, ಪರದೆ, ತಾಯಂದಿರಿಗೆ ಊಟ, ಶೌಚಾಲಯ. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಇದನ್ನು ಜಿಲ್ಲೆಯಾದ್ಯಂತ ಅಳವಡಿಸುವ ಕೆಲಸ ನಡೆದಿದೆ.

ಇನ್ನು ಹಣ ಸೋರುವ ಜಾಗ. ತರಬೇತಿ ಕೊಟ್ಟವರು ಅಲ್ಲೇ ಉಳಿಯುವುದಿಲ್ಲ. ಕೀನ್ಯಾದಲ್ಲಿ ರಾತ್ರಿ ಮಗುವನ್ನು ಮೊದಲು ನೋಡುವವರು ಹೆಚ್ಚಾಗಿ ಇಂಟರ್ನ್‌ಗಳು. ಅವರು ಮೂರು ತಿಂಗಳಿಗೊಮ್ಮೆ ವಿಭಾಗ ಬದಲಿಸುತ್ತಾರೆ. ಜನವರಿಯಲ್ಲಿ ಅದ್ದೂರಿ ತರಬೇತಿ ಮಾಡಿದರೆ ಏಪ್ರಿಲ್‌ನಲ್ಲಿ ವಾರ್ಡಿನಲ್ಲಿರುವವರಿಗೆ ಅದರ ಗಂಧವೂ ಇರುವುದಿಲ್ಲ. ವರ್ಷಕ್ಕೊಂದು ದೊಡ್ಡ ಶಿಬಿರದ ಬದಲು, ಪ್ರತಿ ಬದಲಾವಣೆಯ ಮೊದಲ ವಾರದಲ್ಲಿ ಅರ್ಧ ದಿನ, ಬೊಂಬೆಯ ಮೇಲೆ ಕೈಯಿಟ್ಟು ಕಲಿಸುವ ಏರ್ಪಾಟಿಗೆ ಹಣ ಕೊಡಿ. ಬದಲಾಗದೆ ಉಳಿಯುವವರು ಹಿರಿಯ ನರ್ಸ್‌ಗಳು, ಸಂಚಾಲಕರು ಅವರಲ್ಲೇ ಒಬ್ಬರಾಗಲಿ. ಗಿನಿ-ಬಿಸ್ಸಾವುನಲ್ಲಿ 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಲೇರಿಯಾ ಮಕ್ಕಳ ಎರಡು ಗುಂಪಿಗೂ ಔಷಧ ಉಚಿತ, ಸಿಬ್ಬಂದಿಗೆಲ್ಲ ತರಬೇತಿ ಆಗಿತ್ತು. ಒಂದು ಕಡೆ ಮಾತ್ರ ಮೇಲ್ವಿಚಾರಣೆ ಮತ್ತು ಸಿಬ್ಬಂದಿಗೆ ಸಣ್ಣ ಪ್ರೋತ್ಸಾಹಧನ. ಸಾವು ಅಲ್ಲಿ ಶೇ. 5, ಇನ್ನೊಂದೆಡೆ ಶೇ. 10. ಪ್ರೋತ್ಸಾಹಧನದ ಬಗ್ಗೆ ಎಚ್ಚರವಿರಲಿ. ನೀವು ಮೂರು ವರ್ಷಕ್ಕೆ ನಿಲ್ಲಿಸಿದ ದಿನ ಕೆಲಸವೂ ನಿಲ್ಲುವ ಅಪಾಯವಿದೆ. ಕೌಂಟಿ ಸರ್ಕಾರ ಮುಂದುವರಿಸುವುದಾಗಿ ಬರೆದುಕೊಡದಿದ್ದರೆ ಅದಕ್ಕೆ ಕೈಹಾಕದಿರುವುದೇ ವಾಸಿ.

ನನ್ನ ಹಂಚಿಕೆ ಹೀಗಿರುತ್ತದೆ. ಮೊದಲ ವರ್ಷ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಪಕರಣಕ್ಕೆ: ಎರಡು ಮೂರು ಕಾನ್ಸಂಟ್ರೇಟರ್, ನಾಲ್ಕು ಆಕ್ಸಿಮೀಟರ್, ಅನಲೈಸರ್, ಸ್ಟೆಬಿಲೈಸರ್, ತೂಕದ ಯಂತ್ರ, ಬಿಡಿಭಾಗ. ಉಳಿದದ್ದು ತರಬೇತಿಗೆ, ದಾಖಲಾತಿ ನಮೂನೆಗಳ ಮುದ್ರಣಕ್ಕೆ, ಸಂಚಾಲಕ ನರ್ಸಿನ ಸಮಯಕ್ಕೆ. ಎರಡನೇ, ಮೂರನೇ ವರ್ಷ ಉಪಕರಣಕ್ಕೆ ಐದನೇ ಒಂದು ಭಾಗ, ಅದೂ ರಿಪೇರಿಗೆ. ಹಣ ಕೊಡುವ ಮೊದಲು ಹಿಂದಿನ ಹನ್ನೆರಡು ತಿಂಗಳ ದಾಖಲಾತಿ ಮತ್ತು ಸಾವಿನ ಸಂಖ್ಯೆಯನ್ನು ತಿಂಗಳವಾರು ತೆಗೆದುಕೊಳ್ಳಿ. ಮಳೆಗಾಲದ ತಿಂಗಳನ್ನು ಬೇಸಿಗೆಯೊಂದಿಗೆ ಹೋಲಿಸಬೇಡಿ, ಮಲೇರಿಯಾ ಏರಿಳಿತವೇ ನಿಮ್ಮ ಫಲಿತಾಂಶದಂತೆ ಕಂಡೀತು. ಆಮೇಲೆ ಮೂರು ತಿಂಗಳಿಗೊಮ್ಮೆ ಐವತ್ತು ಕೇಸ್ ಶೀಟುಗಳನ್ನು ಸಾಲಾಗಿ ಎತ್ತಿಸಿ ನಾಲ್ಕೇ ವಿಷಯ ಎಣಿಸಲು ಹೇಳಿ: ತೂಕ ಬರೆದಿದೆಯೇ, ಆಮ್ಲಜನಕ ಮಟ್ಟ ಬರೆದಿದೆಯೇ, ಜೆಂಟಮೈಸಿನ್ ಪ್ರಮಾಣ ತೂಕಕ್ಕೆ ಹೊಂದುತ್ತದೆಯೇ, ಮೊದಲ ಡೋಸ್ ಕೊಟ್ಟ ಗಂಟೆ ನಮೂದಾಗಿದೆಯೇ. ವರ್ಷಕ್ಕೆ ನೂರೈವತ್ತು ಸಾವಿನ ವಾರ್ಡಿನಲ್ಲಿ ಹತ್ತು ಹದಿನೈದರ ಏರಿಳಿತ ಕಾಕತಾಳೀಯವಾಗಿಯೂ ಬರುತ್ತದೆ, ಅದನ್ನು ನೋಡಿ ಹಿಗ್ಗುವುದೂ ಕುಗ್ಗುವುದೂ ಬೇಡ. ಈ ನಾಲ್ಕು ಸಂಖ್ಯೆ ಆರು ತಿಂಗಳಾದರೂ ಮೇಲೇಳದಿದ್ದರೆ ಎರಡನೇ ವರ್ಷದ ಕಂತನ್ನು ತಡೆದಿಟ್ಟು, ಸಂಚಾಲಕರಿಗೆ ನಿಜವಾಗಿ ಸಮಯ ಸಿಗುತ್ತಿದೆಯೇ ಎಂದು ವಾರ್ಡಿನ ಮುಖ್ಯಸ್ಥರನ್ನು ಕೇಳಿ. ಹೆಚ್ಚಿನ ಸಲ ತೊಡಕು ಇರುವುದು ಅಲ್ಲೇ, ಸಂಚಾಲಕರನ್ನು ಬೇರೆ ವಾರ್ಡಿನ ಪಾಳಿಗೂ ಹಾಕಿರುತ್ತಾರೆ.